ಲಾಭ ಪಂಚಮಿಯ ಖಾಲಿ ಫೋಲ್ಡರ್

ಎರಡು ವರ್ಷ ಒಮ್ಮೆಯೂ ನಿಲ್ಲದೆ ಓಡಿದ ಸರ್ವರ್ ಕಂಡರೆ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಹೆಮ್ಮೆ. ನನಗೆ ಹೆದರಿಕೆ. ಅದು ಯಾರೋ ಯಾವಾಗಲೋ ಕೈಯಿಂದ ಕೊಟ್ಟ ಒಂದು ಆಜ್ಞೆಯ ಮೇಲೆ ನಿಂತಿರಬಹುದು. ಆ ಆಜ್ಞೆಯನ್ನು ಎಲ್ಲಿಯೂ ಬರೆದಿಡದೆ ಅವರು ಕೆಲಸ ಬಿಟ್ಟು ಹೋಗಿರಬಹುದು. ಯಂತ್ರ ಮಲಗಿ ಎದ್ದ ದಿನವೇ ಅದು ಗೊತ್ತಾಗುವುದು.

ಅಹಮದಾಬಾದಿನ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಕಾರ್ಖಾನೆ, ಅಂಗಡಿ, ಗೋದಾಮುಗಳ ಲಿನಕ್ಸ್ ಸರ್ವರುಗಳನ್ನು ನಾವು ನೋಡಿಕೊಳ್ಳುತ್ತೇವೆ. ಡಿಸ್ಕ್ ತುಂಬಿತು, ಪ್ರಿಂಟರ್ ಸಿಗುತ್ತಿಲ್ಲ, ನೆಟ್ ನಿಂತಿತು ಎಂದು ದಿನವಿಡೀ ಫೋನು ಬರುತ್ತದೆ. ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯ ಫ್ಲಾಟಿನಲ್ಲಿ ನನ್ನ ಜೊತೆ ಇರುವವಳು ಇದೇ ಕಂಪನಿಯ ಹಿರಿಯ ಸಹೋದ್ಯೋಗಿ, ಮೈಸೂರಿನವಳು. ಅವಳನ್ನು ಅಕ್ಕ ಅನ್ನುತ್ತೇನೆ. ಅಪ್ಪನಿಗೆ ವಡೋದರಾ ಪಕ್ಕದ ಕೊಯಾಲಿಯ ರಿಫೈನರಿಯಲ್ಲಿ ಕೆಲಸವಾದ್ದರಿಂದ ನಾನು ಬೆಳೆದದ್ದು ಅಲ್ಲಿನ ಟೌನ್‌ಶಿಪ್ಪಿನಲ್ಲಿ. ಶಾಲೆಯಲ್ಲಿ ಕನ್ನಡ ಇರಲಿಲ್ಲ. ಧಾರವಾಡದಿಂದ ಬಂದ ಅವ್ವ ದಿನಾ ಒಂದು ಪುಟ ಕನ್ನಡದಲ್ಲಿ ಬರೆಸುತ್ತಿದ್ದಳು. "ಬಾಯಾಗ ಇರೋ ಮಾತು ಹೆಂಗೂ ಉಳೀತದ. ಕೈ ಮರತರ ಮರತಂಗ," ಅನ್ನುತ್ತಿದ್ದಳು. ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ.

ಈಗ ನನ್ನ ಡೈರಿಯಲ್ಲಿ ತಾರೀಖಿನ ಕೆಳಗೆ ಎರಡು ಸಾಲು ಗೀಟುಗಳಿರುತ್ತವೆ. ಆ ದಿನ ಹೆದರಿದ್ದಕ್ಕೆ ಒಂದೊಂದು ಗೀಟು. ಹೆದರಿದ್ದು ನಿಜವಾಗಿ ಆಗಿದ್ದರೆ ಪಕ್ಕದಲ್ಲಿ ಇನ್ನೊಂದು. ಎಡಗಡೆ ಯಾವಾಗಲೂ ಬೇಲಿಯ ಹಾಗೆ ಉದ್ದ. ಬಲಗಡೆ ಎಷ್ಟೋ ತಿಂಗಳು ಏನೂ ಇರುವುದಿಲ್ಲ.

"ಹೆದರಿಕೆಗೂ ಹಾಜರಿ ತಗೋತೀಯಲ್ಲೇ!" ಎಂದು ಅಕ್ಕ ನಗುತ್ತಾಳೆ.

ಬಲಗಡೆ ದಪ್ಪಗೆ ಗೀಟು ಬಿದ್ದ ದಿನ ಕಳೆದ ವರ್ಷದ ಲಾಭ ಪಂಚಮಿ.

ವಡೋದರಾದ ಮಕರಪುರದಲ್ಲಿ ನಾವು ನೋಡಿಕೊಳ್ಳುವ ಒಂದು ಕಾರ್ಖಾನೆ ಇದೆ. ಟ್ರಾನ್ಸ್‌ಫಾರ್ಮರಿನ ಬಿಡಿಭಾಗಗಳನ್ನು ಮಾಡುತ್ತಾರೆ. ಅವರ ಅನ್ನವೆಲ್ಲ ಹಳೆಯ ಗಿರಾಕಿಗಳಿಂದ. ಎಲ್ಲಿಯೋ ಇಪ್ಪತ್ತು ವರ್ಷ ಹಳೆಯ ಟ್ರಾನ್ಸ್‌ಫಾರ್ಮರ್ ಕೆಟ್ಟರೆ ಅದಕ್ಕೆ ಹೊಂದುವ ತುಂಡನ್ನು ಇವರೇ ಮಾಡಿಕೊಡಬೇಕು, ಯಾಕೆಂದರೆ ನಕ್ಷೆ ಇರುವುದು ಇವರ ಹತ್ತಿರ ಮಾತ್ರ. ಮೊದಲ ನಕ್ಷೆಗಳನ್ನು ಬರೆದವರು ಈಗಿನ ಮಾಲೀಕರ ತಂದೆ, ಪೆನ್ಸಿಲಿನಲ್ಲಿ. ಒಂದು ಮಳೆಗಾಲ ಕಾರ್ಖಾನೆಗೆ ನೀರು ನುಗ್ಗಿ ಆ ಕಾಗದಗಳು ಉಬ್ಬಿ ಹೋದವು. ಮನೆಯವರೆಲ್ಲ ಸೇರಿ ಒಂದೊಂದನ್ನೇ ಮಾಳಿಗೆಯಲ್ಲಿ ಒಣಗಿಸಿ, ಸ್ಕ್ಯಾನ್ ಮಾಡಿಸಿ, ಬೂಸಲು ಹಿಡಿದ ಕಾಗದಗಳನ್ನು ಎಸೆದರು. ಅಲ್ಲಿಂದೀಚೆಗೆ ಎಲ್ಲ ನಕ್ಷೆಗಳೂ ಇದ್ದದ್ದು ಸರ್ವರಿನ ಒಂದು ಡಿಸ್ಕಿನಲ್ಲಿ. ಅದರ ನಕಲು ರಸ್ತೆಯಾಚೆಯ ಹೊಸ ಶೆಡ್ಡಿನಲ್ಲಿಟ್ಟ ಚಿಕ್ಕ ಕಂಪ್ಯೂಟರಿನಲ್ಲಿ. ಮೂರನೆಯದು ಇರಲಿಲ್ಲ. ಈ ಕಾರ್ಖಾನೆ ನನ್ನ ಪಾಲಿಗೆ ಬಂದು ಮೂರು ವಾರವಾಗಿತ್ತು. ಹಬ್ಬ ಮುಗಿದ ಮೇಲೆ ಮೂರನೆಯದನ್ನು ಮಾಡಬೇಕೆಂದು ಬರೆದುಕೊಂಡಿದ್ದೆ.

ಗುಜರಾತಿನಲ್ಲಿ ದೀಪಾವಳಿಗೆ ಮುಚ್ಚಿದ ವ್ಯಾಪಾರ ಲಾಭ ಪಂಚಮಿಗೆ ತೆರೆಯುತ್ತದೆ. ಮುಚ್ಚುವ ಮುಂಚೆ ಮೂಲೆಮೂಲೆ ಗುಡಿಸಿ, ಎಲ್ಲ ಯಂತ್ರಗಳನ್ನೂ ಆರಿಸುತ್ತಾರೆ. ಪಂಚಮಿಯಂದು ಒಳ್ಳೆಯ ಚೋಘಡಿಯಾ, ಅಂದರೆ ದಿನದ ಶುಭವಾದ ತುಂಡು, ನೋಡಿ ಪೂಜೆ ಮಾಡಿ ಮತ್ತೆ ಹಚ್ಚುತ್ತಾರೆ. ಹಿಂದಿನ ವರ್ಷಗಳಲ್ಲಿ ಮುಟ್ಟದೆ ಬಿಟ್ಟಿದ್ದ ಸರ್ವರನ್ನೂ ಆ ಸಲ ಆರಿಸಿದ್ದರು. ನಾನು ಬರುವವರೆಗೆ ಸರ್ವರ್ ಹಚ್ಚಬೇಡಿ ಎಂದು ಮಾಲೀಕರಿಗೆ ಎರಡು ಸಲ ಹೇಳಿದ್ದೆ. ಹಬ್ಬಕ್ಕೆ ಕೊಯಾಲಿಯ ಮನೆಗೆ ಬಂದಿದ್ದವಳು ಬೆಳಿಗ್ಗೆ ಆಟೊ ಹಿಡಿದು ಮಕರಪುರಕ್ಕೆ ಹೊರಟೆ. ಕಾರ್ಖಾನೆ ಸೇರುವಾಗ ಹನ್ನೊಂದು ಹತ್ತಿರವಾಗುತ್ತಿತ್ತು.

ಬಾಗಿಲಲ್ಲಿ ರಂಗೋಲಿ, ಮೂಗಿಗೆ ಅಗರಬತ್ತಿಯ ಹೊಗೆ. "ಸಾಲ್ ಮುಬಾರಕ್, ಬೆನ್!" ಎಂದು ಎಲ್ಲರೂ ಹೊಸ ವರ್ಷದ ಶುಭಾಶಯ ಹೇಳುತ್ತಿದ್ದರು. ಬೆನ್ ಅಂದರೆ ಸೋದರಿ. ಮಾಲೀಕರ ತಾಯಿ ಕುರ್ಚಿಯಲ್ಲಿ ಕೂತು ಪೇಡಾ ಹಂಚುತ್ತಿದ್ದರು. ಅವರನ್ನು ಎಲ್ಲರೂ 'ಬಾ' ಅನ್ನುವುದು ರೂಢಿ. ಬಾ ಅಂದರೆ ತಾಯಿ. ಸರ್ವರಿನ ಮುಂಭಾಗದಲ್ಲಿ ಹಸಿ ಕುಂಕುಮದ ಸ್ವಸ್ತಿಕ ಇತ್ತು. ಅದರ ಫ್ಯಾನು ತಿರುಗುತ್ತಿತ್ತು.

"ಒಂಬತ್ತೂವರೆಗೆ ಮುಹೂರ್ತ ಇತ್ತು ಬೇಟಾ. ನಾನೇ ಬಟನ್ ಒತ್ತಿದೆ," ಎಂದರು ಬಾ.

ಮಾಲೀಕರು ನನ್ನ ಮುಖ ನೋಡಲಿಲ್ಲ. "ಬಾಗೆ ಬೇಡ ಅನ್ನೋಕೆ ಆಗುತ್ತಾ? ಅದಿರಲಿ, ಬೇಗ ನೋಡಿ. ನೆಟ್‌ವರ್ಕ್ ನಿಂತಿದೆ. ಮೊದಲ ಬಿಲ್ ಈ ಚೋಘಡಿಯಾದೊಳಗೇ ಹೊರಬೀಳಬೇಕು."

ತಂತಿಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯ ದೀಪಗಳನ್ನು ನೋಡಿದ ಕೂಡಲೇ ಕಾಯಿಲೆ ಗೊತ್ತಾಯಿತು. ಅವು ಬೇರೆಬೇರೆಯಾಗಿ ಮಿನುಗಬೇಕು. ಇಲ್ಲಿ ಎಲ್ಲವೂ ಒಟ್ಟಿಗೆ, ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿದ್ದವು. ಒಂದೇ ಕೇಬಲ್ಲಿನ ಎರಡೂ ತುದಿಗಳನ್ನು ಒಂದೇ ಪೆಟ್ಟಿಗೆಗೆ ಸಿಕ್ಕಿಸಿದರೆ ಹೀಗಾಗುತ್ತದೆ. ಕಳಿಸಿದ ಸುದ್ದಿ ಸುತ್ತಿ ಸುತ್ತಿ ಅಲ್ಲಿಗೇ ಬಂದು, ಕೊನೆಗೆ ಯಾರ ಮಾತೂ ಯಾರಿಗೂ ಕೇಳದಷ್ಟು ಗದ್ದಲವಾಗುತ್ತದೆ. ಪೂರ್ತಿ ಸತ್ತಿರುವುದಿಲ್ಲ, ನಡುನಡುವೆ ಒಂದೊಂದು ಮಾತು ದಾಟುತ್ತದೆ. ಲ್ಯಾಪ್‌ಟಾಪಿನಿಂದ ಸರ್ವರನ್ನು ಕರೆದು ನೋಡಿದೆ. ಹತ್ತು ಕರೆಗೆ ಒಂದಕ್ಕೆ ಉತ್ತರ ಬಂತು.

ತಪ್ಪು ಕೇಬಲ್ ಹುಡುಕಿ ಕೀಳುವುದು ಐದು ನಿಮಿಷದ ಕೆಲಸ. ಆದರೆ ಏನನ್ನಾದರೂ ಮುಟ್ಟುವ ಮೊದಲು ಉಳಿದದ್ದೆಲ್ಲ ಹೇಗಿದೆ ಎಂದು ನೋಡುವುದು ನನ್ನ ಪದ್ಧತಿ. ಸರ್ವರಿನ ಪರದೆಯ ಮುಂದೆ ಕೂತೆ. ನಕ್ಷೆಗಳ ಫೋಲ್ಡರ್ ತೆರೆದೆ.

ಖಾಲಿ.

ಮತ್ತೊಮ್ಮೆ ತೆರೆದೆ. ಖಾಲಿಯೇ.

ಲಿನಕ್ಸಿನಲ್ಲಿ ಎರಡನೆಯ ಡಿಸ್ಕ್ ಒಂದು ಖಾಲಿ ಫೋಲ್ಡರಿನ ಮೇಲೆ ಬಂದು ಕೂರುತ್ತದೆ. ಡಿಸ್ಕ್ ಇದ್ದರೆ ಅದರೊಳಗಿನದೆಲ್ಲ ಕಾಣುತ್ತದೆ. ಇಲ್ಲದಿದ್ದರೆ ಬರೀ ಫೋಲ್ಡರ್. ಯಂತ್ರ ಏಳುವಾಗ ಈ ಡಿಸ್ಕನ್ನು ಕೂರಿಸು ಎಂದು ಒಂದು ಕಡತದಲ್ಲಿ ಬರೆದಿಟ್ಟಿದ್ದರೆ, ಡಿಸ್ಕ್ ಸಿಗದಾಗ ಯಂತ್ರ ಅರ್ಧಕ್ಕೇ ನಿಂತು ದೂರು ಹೇಳುತ್ತದೆ. ಇಲ್ಲಿ ಯಾರೋ ಎರಡು ವರ್ಷದ ಹಿಂದೆ ಕೈಯಿಂದ ಕೂರಿಸಿ, ಬರೆಯುವುದನ್ನು ಬಿಟ್ಟಿದ್ದರು. ಯಂತ್ರ ಏನೂ ಆಗದವರ ಹಾಗೆ ಎದ್ದು ನಿಂತಿತ್ತು. ಅದರ ಲೆಕ್ಕದಲ್ಲಿ ಖಾಲಿ ಫೋಲ್ಡರ್ ತಪ್ಪಲ್ಲ.

ಕೈಯಿಂದ ಕೂರಿಸಲು ನಾನೂ ನೋಡಿದೆ. ಅಂಥ ಡಿಸ್ಕೇ ಇಲ್ಲ ಎಂದಿತು. ಪೆಟ್ಟಿಗೆಗೆ ಕಿವಿಯಿಟ್ಟೆ. ಫ್ಯಾನಿನ ಸದ್ದಿನ ಕೆಳಗೆ ಟಿಕ್, ಟಿಕ್, ಸ್ವಲ್ಪ ಬಿಟ್ಟು ಮತ್ತೆ ಟಿಕ್. ವರ್ಷಗಟ್ಟಲೆ ಬಿಸಿಯಾಗಿ ತಿರುಗಿದ ಹಳೆಯ ಡಿಸ್ಕನ್ನು ಐದು ದಿನ ತಣ್ಣಗೆ ನಿಲ್ಲಿಸಿದರೆ ಕೆಲವು ಮತ್ತೆ ತಿರುಗುವುದಿಲ್ಲ.

ಹಾಗಾದರೆ ಉಳಿದದ್ದು ಶೆಡ್ಡಿನ ನಕಲು ಒಂದೇ. ಅಷ್ಟರಲ್ಲಿ ಆ ನಕಲು ಹೇಗೆ ನಡೆಯುತ್ತದೆ ಎನ್ನುವುದು ನೆನಪಾಯಿತು.

ಶೆಡ್ಡಿನ ಚಿಕ್ಕ ಕಂಪ್ಯೂಟರ್ ಗಂಟೆಗೊಮ್ಮೆ, ಗಂಟೆ ತುಂಬಿದ ಕೂಡಲೇ, ಸರ್ವರನ್ನು ಕೇಳುತ್ತದೆ: ನಿನ್ನ ಹತ್ತಿರ ಏನೇನಿದೆ? ಇದ್ದದ್ದನ್ನು ನಕಲು ಮಾಡಿಕೊಳ್ಳುತ್ತದೆ. ಅಲ್ಲಿ ಇಲ್ಲದ್ದನ್ನು ತನ್ನಲ್ಲಿಯೂ ಅಳಿಸುತ್ತದೆ. ಜಾಗ ತುಂಬಬಾರದೆಂದು ಹಾಗೆ ಇಟ್ಟಿದ್ದರು. ಸರ್ವರ್ ಆರಿದ್ದ ಐದು ದಿನ ಅದಕ್ಕೆ ಉತ್ತರವೇ ಸಿಗದೆ ಸುಮ್ಮನಿತ್ತು. ಈಗ ಸರ್ವರ್ ಎದ್ದಿದೆ. ಏನೇನಿದೆ ಎಂದು ಕೇಳಿದರೆ, ಏನೂ ಇಲ್ಲ ಎಂದು ನಿಜ ಹೇಳುತ್ತದೆ. ಇದುವರೆಗೆ ಆ ಮಾತು ರಸ್ತೆಯಾಚೆ ತಲುಪದಂತೆ ತಡೆದಿರುವುದು ನೆಟ್‌ವರ್ಕಿನ ಗದ್ದಲ ಒಂದೇ.

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷ.

"ಓಹೋ, ಇದೇನಾ ಬೆನ್?" ಮಾಲೀಕರು ಸ್ವಿಚ್ಚಿನ ಹತ್ತಿರ ಬಗ್ಗಿ ಒಂದು ನೀಲಿ ಕೇಬಲ್ ಹಿಡಿದಿದ್ದರು. "ಇದನ್ನು ನಾನೇ ಸಿಕ್ಕಿಸಿದ್ದು. ಗುಡಿಸುವಾಗ ತುದಿ ನೇತಾಡುತ್ತಿತ್ತು. ನೀಟಾಗಿ ಕಾಣಲಿ ಅಂತ ಖಾಲಿ ತೂತಿಗೆ ಹಾಕಿದೆ. ಇದನ್ನು ತೆಗೆದರೆ..."

"ಮುಟ್ಟಬ್ಯಾಡ್ರಿ!"

ಕನ್ನಡದಲ್ಲಿ ಕಿರುಚಿಬಿಟ್ಟಿದ್ದೆ. ಯಾರಿಗೂ ಅರ್ಥವಾಗಲಿಲ್ಲ, ಆದರೆ ಎಲ್ಲರೂ ನಿಂತಲ್ಲೇ ನಿಂತರು. ಬಾ ಅವರ ಕೈಯಲ್ಲಿದ್ದ ಪೇಡಾ ಕೈಯಲ್ಲೇ ಉಳಿಯಿತು. ನಾನು ಸರ್ವರಿನ ಹಿಂದೆ ಕೈ ಹಾಕಿ ಅದರ ಕೇಬಲ್ಲನ್ನೇ ಎಳೆದು ಹಾಕಿದೆ. ಇನ್ನು ಅದನ್ನು ಯಾರೂ ಏನೂ ಕೇಳಲಾರರು. ಆಮೇಲೆ ಹಿಂದಿಯಲ್ಲಿ, "ಈಗ ತೆಗೀರಿ ಅಂಕಲ್," ಎಂದೆ. ಅವರು ನೀಲಿ ಕೇಬಲ್ ಕಿತ್ತರು. ದೀಪಗಳು ಶಾಂತವಾದವು. ಬಿಲ್ಲಿನ ಕಂಪ್ಯೂಟರ್ ಬೇರೆಯದಾದ್ದರಿಂದ ಮೊದಲ ಬಿಲ್ ಹೊರಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬರು ನನ್ನ ಬಾಯಿಗೇ ಪೇಡಾ ತುರುಕಿದರು.

ಅದನ್ನು ನುಂಗಲಾಗಲಿಲ್ಲ. ಹನ್ನೊಂದು ಗಂಟೆಯದನ್ನು ತಡೆದಿದ್ದೆ. ಹತ್ತು ಗಂಟೆಯದು?

ಸರ್ವರಿನ ಲಾಗ್ ತೆರೆದೆ. ಯಾರು ಯಾವಾಗ ಬಂದರು, ಹೋದರು ಎಂದು ಅದು ಬರೆದಿಡುತ್ತದೆ. ಹತ್ತು ಗಂಟೆಗೆ ಶೆಡ್ಡಿನ ಕಂಪ್ಯೂಟರ್ ಒಳಗೆ ಬಂದಿತ್ತು. ಗದ್ದಲದ ನಡುವೆಯೂ ದಾಟಿತ್ತು. ಕೆಲವು ನಿಮಿಷದ ಮೇಲೆ ಸಂಪರ್ಕ ಕಡಿದಿತ್ತು. ಕಡಿಯುವ ಮೊದಲು ಎಷ್ಟು ಅಳಿಸಿತ್ತು ಎನ್ನುವುದು ಇಲ್ಲಿ ಬರೆದಿರಲಿಲ್ಲ. ಅದು ಆ ಕಂಪ್ಯೂಟರಿನಲ್ಲೇ ಇರಬೇಕು.

ಮಾಲೀಕರನ್ನು ಹೊರಗೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಕಾರ್ಖಾನೆಯ ಗೋಡೆಗೆ ಒರಗಿ ನಿಂತರು.

"ಎಲ್ಲವೂ ಹೋಗಿರಬಹುದಾ?"

"ಗೊತ್ತಿಲ್ಲ ಅಂಕಲ್. ಶೆಡ್ಡಿನ ಕಂಪ್ಯೂಟರ್ ನೋಡಬೇಕು. ಅದು ಹಬ್ಬದಲ್ಲೂ ಚಾಲೂ ಇತ್ತಾ?"

"ದೇವರ ಮುಂದಿನ ಬಲ್ಬ್ ಆರಬಾರದು ಅಂತ ಶೆಡ್ಡಿನ ಮೇನ್ ಆರಿಸೋದಿಲ್ಲ." ರಸ್ತೆಯಾಚೆ ನೋಡಿ, "ಶೆಡ್ಡಿನ ಮುಹೂರ್ತ ಒಂದೂವರೆಗೆ. ಪೂಜಾರಿ ಮಹಾರಾಜ್ ಅಕ್ಕಪಕ್ಕದ ನಾಲ್ಕು ಕಾರ್ಖಾನೆಯ ಪೂಜೆ ಮುಗಿಸಿ ಬರಬೇಕು. ಬೀಗದ ಕೈ ಬಾ ಹತ್ತಿರ," ಎಂದರು.

"ಬಾಗೆ ಹೇಳಿದರೆ?"

"ಹೇಳಿದರೆ ಈಗಲೇ ತೆಗೀತಾಳೆ. ಒಳಗೆ ಖಾಲಿ ಇದ್ದರೆ, ತಾನು ಮುಹೂರ್ತ ತಪ್ಪಿಸಿದ್ದಕ್ಕೇ ಗಂಡನ ನಕ್ಷೆ ಹೋಯಿತು ಅಂತ ಸಾಯೋವರೆಗೂ ಕೊರಗುತ್ತಾಳೆ. ಬಟನ್ ಒತ್ತಿದವಳೂ ಅವಳೇ ಅಲ್ವಾ?"

ಆವತ್ತು ಸೂರತ್‌ನ ಬಟ್ಟೆ ಮಾರುಕಟ್ಟೆಯಲ್ಲಿ ಇಂಥದ್ದೇ ಕೆಲಸದಲ್ಲಿದ್ದ ಅಕ್ಕನಿಗೆ ಫೋನು ಮಾಡಿದೆ. ಹಿಂದೆ ಪಟಾಕಿ ಸಿಡಿಯುತ್ತಿತ್ತು. "ಹೇಳಮ್ಮಾ, ಇವತ್ತು ಎಷ್ಟು ಗೀಟು?" ಎಂದಳು. ನಾನು ಹೇಳುತ್ತಾ ಹೋದಂತೆ ಅವಳು ನಗುವುದನ್ನು ನಿಲ್ಲಿಸಿದಳು. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

"ಸಂಪರ್ಕ ಕಡಿದಾಗ ಅಳಿಸೋದೂ ನಿಲ್ಲುತ್ತಲ್ವಾ ಅಕ್ಕ?"

"ಸಾಮಾನ್ಯವಾಗಿ ನಿಲ್ಲುತ್ತೆ. ಅಷ್ಟರೊಳಗೆ ಎಷ್ಟು ತಿಂದಿರುತ್ತೋ ಯಾರಿಗೆ ಗೊತ್ತು ಕಣೇ. ಅದು ಮೊಂಡು ಯಂತ್ರ ಬೇರೆ, ನಿಧಾನ. ಆ ನಿಧಾನವೇ ಕಾಪಾಡಬೇಕು."

"ಬೀಗ ಒಡೆಯೋಣವಾ?"

"ಒಡೆದು ಏನ್ ಮಾಡ್ತೀಯಾ? ಸರ್ವರಿನ ಕೇಬಲ್ ಕಿತ್ತಾಯ್ತು. ಹೋಗೋದು ಹತ್ತೂಕಾಲಕ್ಕೆಲ್ಲ ಹೋಗಿರುತ್ತೆ. ಈಗ ಓಡಿ ಹೋದರೂ ಅಷ್ಟೇ ಇರುತ್ತೆ, ನಡ್ಕೊಂಡು ಹೋದರೂ ಅಷ್ಟೇ. ಆ ಕೇಬಲ್ ವಾಪಸ್ ಹಾಕ್ಬೇಡ, ಯಾರಿಗೂ ಹಾಕೋಕೆ ಬಿಡಬೇಡ. ಅಲ್ಲೇ ಕೂತ್ಕೊ."

ಸರ್ವರಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಒಬ್ಬೊಬ್ಬರೇ ಬಂದು ನಮಸ್ಕರಿಸಿ, ಸರ್ವರಿಗೂ ಕೈಮುಗಿದು ಹೋಗುತ್ತಿದ್ದರು. ಯಾರಾದರೂ ಅದರ ಹಿಂಭಾಗಕ್ಕೆ ಸರಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಮಾಲೀಕರು ನಗುತ್ತಾ ಎಲ್ಲರ ಕೈ ಕುಲುಕುತ್ತಿದ್ದರು. ಪ್ರತಿ ಸಲ ತಿರುಗಿದಾಗಲೂ ಅವರ ಕಣ್ಣು ಮೊದಲು ಗಡಿಯಾರಕ್ಕೆ, ಆಮೇಲೆ ನನ್ನ ಕಡೆಗೆ. ಇಷ್ಟು ಜನರಲ್ಲಿ ಗೊತ್ತಿದ್ದವರು ನಾವಿಬ್ಬರೇ. ಟಿಕ್ ಸದ್ದು ನಿಂತಿರಲಿಲ್ಲ. ಡಿಸ್ಕಿಗೆ ಇನ್ನಷ್ಟು ಏಟಾಗಬಾರದೆಂದು ಯಂತ್ರ ಆರಿಸಿದೆ. ಬಾ ದೂರದಿಂದಲೇ, "ಹಚ್ಚಿದ್ದನ್ನು ಯಾಕೆ ಆರಿಸಿದೆ?" ಎಂದರು. "ಸ್ವಲ್ಪ ಕೆಲಸ ಇದೆ ಬಾ," ಎಂದೆ. ಅವರು ಮಗನನ್ನು ನೋಡಿದರು. ಮಗ ಇನ್ನೊಬ್ಬರ ಕೈ ಕುಲುಕಲು ಹೋದರು.

ಅವ್ವನ ಫೋನು ಬಂತು. "ಊಟಕ್ಕ ಬರ್ತಿಯೇನು? ಹೋಳಿಗಿ ಮಾಡೇನಿ."

"ತಡ ಆಗ್ತದವ್ವಾ."

"ದನಿ ಯಾಕ ಹಂಗಾಗೇದ? ಜ್ವರಾ ಬಂದಾವೇನು?"

"ಇಲ್ಲ. ಇಲ್ಲೊಂದು ಯಂತ್ರ ಕೆಟ್ಟದ."

"ಕೆಡಲಿ ಬಿಡು, ಯಂತ್ರ ಅಲ್ಲೇನು. ನೀ ಏನರ ತಿನ್ನು," ಎಂದು ಇಟ್ಟಳು. ಕಣ್ಣು ತುಂಬಿ ಬಂತು, ಒರೆಸಿಕೊಂಡೆ.

ಮಹಾರಾಜ್ ಒಂದೂವರೆಗೆ ಬರಲಿಲ್ಲ. ಅರ್ಧ ತಾಸು ತಡವಾಗಿ ಸ್ಕೂಟರಿನಲ್ಲಿ ಬಂದು, ಇನ್ನೂ ಶುಭವೇ ಇದೆ ಎಂದರು. ಎಲ್ಲರೂ ರಸ್ತೆ ದಾಟಿದೆವು. ಬಾ ಬೀಗ ತೆರೆದು ಬಲಗಾಲಿಟ್ಟು ಒಳಗೆ ಹೋದರು. ನಾನು ಹಿಂದೆಯೇ ನುಗ್ಗಿ, ಮೂಲೆಯ ಸ್ಟೂಲಿನ ಮೇಲಿದ್ದ ಕಪ್ಪು ಕಂಪ್ಯೂಟರಿನ ನೆಟ್‌ವರ್ಕ್ ಕೇಬಲ್ ತೆಗೆದೆ. ಅದರ ಹಸಿರು ದೀಪ ಉರಿಯುತ್ತಿತ್ತು. ಆದರೆ ಪರದೆ ಜೋಡಿಸುವ ಮೊದಲು ಪೂಜೆ ಮುಗಿಯಬೇಕಿತ್ತು. ಲೇತ್ ಯಂತ್ರಕ್ಕೆ ಕುಂಕುಮ, ಡ್ರಿಲ್ಲಿಗೆ ಕುಂಕುಮ, ತೆಂಗಿನಕಾಯಿ. ಕೊನೆಗೆ ಬಾ ಸ್ಟೂಲಿನ ಹತ್ತಿರ ಬಂದು ಒದ್ದೆ ಬೆರಳಿನಿಂದ ಆ ಕಪ್ಪು ಪೆಟ್ಟಿಗೆಯ ನೆತ್ತಿಗೂ ಒಂದು ಬೊಟ್ಟಿಟ್ಟರು. ಗಾಳಿ ಹೋಗುವ ತೂತುಗಳಿಗೆ ಒಂದು ಅಂಗುಲ ಆಚೆ. ಒಂದು ಹನಿ ಅತ್ತ ಜಾರಿತು. ಅದು ಅಂಚಿನಲ್ಲೇ ನಿಂತಿತು.

ಪರದೆ ಜೋಡಿಸಿದೆ. ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ಮಾಲೀಕರು ಪಕ್ಕದಲ್ಲಿ ಬಗ್ಗಿದ್ದರು. ಅವರ ಉಸಿರಿನಲ್ಲಿ ಏಲಕ್ಕಿಯ ವಾಸನೆ. ಫೋಲ್ಡರುಗಳಿಗೆ ವರ್ಷದ ಹೆಸರಿತ್ತು. ಪಟ್ಟಿ ತೆರೆದೆ.

ಇತ್ತು. ಮೊದಲ ವರ್ಷ ಇತ್ತು, ಎರಡನೆಯದು ಇತ್ತು. ಬೆರಳಿಟ್ಟು ಒಂದೊಂದನ್ನೇ ಗಟ್ಟಿಯಾಗಿ ಓದುತ್ತಾ ಕೆಳಗೆ ಬಂದೆ. ಕೊನೆಯ ಮೂರು ವರ್ಷಗಳು ಇರಲಿಲ್ಲ. ಅದಕ್ಕೂ ಹಿಂದಿನದು ಅರ್ಧ ಮಾತ್ರ ಇತ್ತು. ನಕಲು ಮಾಡುವ ಪ್ರೋಗ್ರಾಮ್ ಅಳಿಸುವಾಗ ಪಟ್ಟಿಯ ಕೊನೆಯಿಂದ ಶುರು ಮಾಡುತ್ತದೆ. ಹೊಸದರಿಂದ ತಿನ್ನುತ್ತಾ ಹಳೆಯದರ ಕಡೆಗೆ ಬರುತ್ತಿದ್ದಾಗ, ನೀಲಿ ಕೇಬಲ್ಲಿನ ಗದ್ದಲ ಅದರ ಮಾತನ್ನು ಕಡಿದಿತ್ತು.

"ಮೂರೂವರೆ ವರ್ಷದ್ದು ಹೋಗಿದೆ ಅಂಕಲ್. ಉಳಿದದ್ದು ಇದೆ."

"ಬಾಪೂಜಿಯದು? ಅಪ್ಪ ಬರೆದದ್ದು?"

ಒಂದನ್ನು ತೆರೆದು ತೋರಿಸಿದೆ. ಪೆನ್ಸಿಲಿನ ತೆಳುಗೆರೆಗಳು, ಅಂಚಿನಲ್ಲಿ ನೀರಿನ ಕಲೆ, ಗುಜರಾತಿ ಅಂಕಿಗಳಲ್ಲಿ ಬರೆದ ಅಳತೆಗಳು. ಅವರು ಮೂಗು ಒರೆಸಿಕೊಂಡರು.

"ಏನದು, ಇಬ್ಬರೂ ಪೂಜೆ ಬಿಟ್ಟು ಪಿಕ್ಚರ್ ನೋಡ್ತಿದ್ದೀರಾ?" ಬಾ ಅಲ್ಲಿಂದಲೇ ಕೂಗಿದರು.

"ಬಾಪೂಜಿಯ ನಕ್ಷೆ ನೋಡ್ತಿದ್ದೀವಿ ಬಾ."

"ನೋಡಿ, ನೋಡಿ. ಆಮೇಲೆ ಪ್ರಸಾದಕ್ಕೆ ಬನ್ನಿ. ಆ ಹುಡುಗಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಶೆಡ್ಡಿನ ನೆಲದ ಮೇಲೆ ಕೂತು ಸಂಜೆಯವರೆಗೆ ಎರಡು ಪ್ರತಿ ಮಾಡಿಕೊಂಡೆ. ಪ್ರತಿಯೊಂದನ್ನೂ ಮೂಲದ ಜೊತೆ ತಾಳೆ ನೋಡಿದೆ, ಮತ್ತೆ ನೋಡಿದೆ. ಅಳಿಸಿಹೋದ ವರ್ಷಗಳ ನಕ್ಷೆಗಳನ್ನು ಮುಂದಿನ ವಾರಗಳಲ್ಲಿ ಡ್ರಾಯಿಂಗ್ ವಿಭಾಗದವರ ಕಂಪ್ಯೂಟರುಗಳಿಂದ, ಗಿರಾಕಿಗಳಿಗೆ ಕಳಿಸಿದ್ದ ಇಮೇಲುಗಳಿಂದ ಹೆಕ್ಕಿ ತಂದೆವು. ಹದಿನಾರು ಸಿಗಲೇ ಇಲ್ಲ. ಕೆಟ್ಟ ಡಿಸ್ಕನ್ನು ಅಹಮದಾಬಾದಿನಲ್ಲಿ ಸತ್ತ ಡಿಸ್ಕಿನಿಂದ ಕಡತ ಹೊರತೆಗೆಯುವ ಕಸುಬಿನವರಿಗೆ ಕೊಟ್ಟೆ. ಆಗುವುದಿಲ್ಲ ಎಂದು ಹಿಂದಿರುಗಿಸಿದರು. ಆ ಹದಿನಾರರಲ್ಲಿ ಒಂದು ತುಂಡು ಬೇಕೆಂದು ಯಾವತ್ತು ಯಾರ ಫೋನು ಬರುತ್ತದೋ ಎಂದು ಮಾಲೀಕರಿಗೂ ನನಗೂ ಇಂದಿಗೂ ಅಂಜಿಕೆಯಿದೆ.

ಹೊಸ ಡಿಸ್ಕ್ ಹಾಕಿ, ಯಂತ್ರ ಏಳುವಾಗ ಓದುವ ಕಡತದಲ್ಲಿ ಅದರ ಹೆಸರು ಬರೆದು, ಖಾಲಿ ಫೋಲ್ಡರ್ ಕಂಡರೆ ನಕಲು ನಿಲ್ಲುವಂತೆ ಮಾಡಿ ಮುಗಿಸಿದ ದಿನ ಮಾಲೀಕರನ್ನು ಕರೆದೆ. ಮಧ್ಯಾಹ್ನ, ಊಟದ ಹೊತ್ತು. ಸ್ವಿಚ್ಚಿನ ಪಕ್ಕದಲ್ಲಿ ನೀಲಿ ಕೇಬಲ್ಲಿನ ತುದಿ ಮತ್ತೆ ನೇತಾಡುತ್ತಿತ್ತು. ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿ, ಗುಜರಾತಿ ಅಕ್ಷರದಲ್ಲಿ 'ಮುಟ್ಟಬ್ಯಾಡ್ರಿ' ಎಂದು ಬರೆದಿದ್ದರು.

"ಆವತ್ತು ನೀವು ಕೂಗಿದ್ದು ಇದೇ ತಾನೆ?"

"ಇದೇ. ಅರ್ಥ ಗೊತ್ತಾ?"

"ಯಾಕೆ ಬೇಕು? ಎಲ್ಲರೂ ನಿಂತರಲ್ಲ!"

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಸರ್ವರನ್ನು ಆರಿಸಿ, ಹೊಸ ಡಿಸ್ಕಿನ ತಂತಿಯನ್ನು ಬೇಕೆಂದೇ ತೆಗೆದು, ಮತ್ತೆ ಹಚ್ಚಿದೆ. ಪರದೆ ಕಪ್ಪಾಯಿತು. ಒಂದೊಂದೇ ಸಾಲು ಮೇಲೇರತೊಡಗಿತು. ಮಾಲೀಕರು ನನ್ನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದರು. ಯಂತ್ರ ಏನೂ ಆಗದವರ ಹಾಗೆ ಎದ್ದುಬಿಟ್ಟರೆ ನಾನು ಮಾಡಿದ್ದೆಲ್ಲ ವ್ಯರ್ಥ. ನಡುವೆ ಅದು ನಿಂತಿತು. ಒಂದೂವರೆ ನಿಮಿಷ ಹುಡುಕಿತು. ಆಮೇಲೆ, ಆ ಡಿಸ್ಕ್ ಸಿಗುತ್ತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬರೆದು, ಮುಂದೆ ಹೋಗಲು ಒಪ್ಪಲಿಲ್ಲ.

"ಕೆಟ್ಟಿತಾ?" ಎಂದರು ಮಾಲೀಕರು, ಪಿಸುದನಿಯಲ್ಲಿ.

"ಇಲ್ಲ ಅಂಕಲ್, ಅದೀಗ ಹೆದರಿಕೊಂಡಿದೆ," ಎಂದೆ.